ಕೊನೆಯ ನಲ್ಲಿಯ ನೀರು

(ಚಿತ್ರದುರ್ಗದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಆರೋಗ್ಯ ನಿರೀಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಗೆ ಸಾಮಾನ್ಯವಾಗಿ ಪ್ರಾಧ್ಯಾಪಕರು ಬರುತ್ತಾರೆ, ವಚನ ಸಾಹಿತ್ಯವನ್ನು ಆಳವಾಗಿ ಓದಿಕೊಂಡವರು ಬರುತ್ತಾರೆ. ನಾನು ಚರಂಡಿ, ಕಸ, ಸೊಳ್ಳೆ, ಬೀದಿನಾಯಿ, ಜನನ ಮರಣದ ದಾಖಲೆ ಇವುಗಳ ನಡುವೆ ಮೂವತ್ತು ವರ್ಷ ಕಳೆದವನು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ ಈ ನಾಲ್ಕೂ ಊರುಗಳ ಓಣಿಗಳನ್ನು ಕಾಲಿನಲ್ಲೇ ಅಳೆದಿದ್ದೇನೆ. ಜಿಲ್ಲೆಯಾಚೆಗೂ ವರ್ಗವಾಗಿ ಹೋಗಿ ಬಂದಿದ್ದೇನೆ. ಪೂಜ್ಯರು ಕರೆಸಿ, "ಊರಿನ ಒಳಪೇಟೆಗಳಲ್ಲಿ ಜನ ಭಯವಿಲ್ಲದೆ, ಒಟ್ಟಾಗಿ ಬದುಕಲು ನಗರಾಡಳಿತ ಏನು ಮಾಡುತ್ತದೆ, ಎಲ್ಲಿ ಸೋಲುತ್ತದೆ, ನೀವು ಕಂಡದ್ದನ್ನು ಹೇಳಿ" ಎಂದರು. ಕಂಡದ್ದನ್ನಷ್ಟೇ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಒಂದಿದೆ.

ಮೊದಲಿಗೆ ಒಂದು ಮಾತು. ಕಲ್ಯಾಣದ ಅನುಭವ ಮಂಟಪದಲ್ಲಿ ಯಾರು ಯಾರು ಕುಳಿತಿದ್ದರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಲ್ಲಮಪ್ರಭುಗಳು, ಅಕ್ಕ, ಬಸವಣ್ಣನವರು, ಚೆನ್ನಬಸವಣ್ಣನವರು. ನನಗೆ ಆ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವವರು ಬೇರೆ. ಬೀದಿ, ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ಇದ್ದಾಳೆ. ಊರು ಕಾಯುವ ತಳವಾರ ಕಾಮಿದೇವಯ್ಯನವರಿದ್ದಾರೆ. ಹೆಂಡ ಮಾರುತ್ತಿದ್ದ ಮಾರಯ್ಯನವರಿದ್ದಾರೆ. ಈಗಿನ ಲೆಕ್ಕದಲ್ಲಿ ಒಬ್ಬರು ಪೌರಕಾರ್ಮಿಕರು, ಒಬ್ಬರು ಬೀಟ್ ಪೊಲೀಸರು, ಇನ್ನೊಬ್ಬರು ಬಾರಿನವರು. ಒಂದು ಊರಿನ ನೆಮ್ಮದಿ ಯಾರ ಯಾರ ಕೈಯಲ್ಲಿದೆಯೋ ಅವರೆಲ್ಲ ಒಂದೇ ಜಮಖಾನೆಯ ಮೇಲೆ ಕುಳಿತಿದ್ದರು. ಇವತ್ತು ಈ ಸಭಾಂಗಣದಲ್ಲಿ ಎಷ್ಟು ಜನ ಪೌರಕಾರ್ಮಿಕರಿದ್ದಾರೆ? ನಾನು ಒಳಗೆ ಬರುವಾಗ ಒಬ್ಬ ತಾಯಿ ಹೊರಗೆ ಚಪ್ಪಲಿ ಬಿಡುವ ಜಾಗ ಗುಡಿಸುತ್ತಿದ್ದರು. ಒಳಗೆ ಬನ್ನಿ ಅಂದೆ. ಕೆಲಸ ಇದೆ ಸಾರ್ ಅಂದರು. ಇರಲಿ, ಮುಂದೆ ಹೋಗೋಣ.

ಸುರಕ್ಷತೆ ಎಂದಕೂಡಲೇ ಈಗ ಎಲ್ಲರ ಬಾಯಲ್ಲೂ ಮೊದಲು ಬರುವುದು ಕ್ಯಾಮೆರಾ. ವಾರ್ಡಿನ ಸಭೆ ಕರೆದರೆ, ಮೆಂಬರು ಮನೆಗೆ ಹೋದರೆ, "ನಮ್ಮ ಸರ್ಕಲ್ಲಿಗೆ ಒಂದು ಸಿಸಿ ಕ್ಯಾಮೆರಾ ಹಾಕ್ಸಿ." ಬೇಡ ಎನ್ನುವುದಿಲ್ಲ. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಜನ ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗಗಳಲ್ಲಿ ಕ್ಯಾಮೆರಾ ಇರಲೇಬೇಕು. ಅಂಗಡಿ, ಆಸ್ಪತ್ರೆ, ಕಲ್ಯಾಣ ಮಂಟಪಗಳಷ್ಟೇ ಅಲ್ಲ, ಧಾರ್ಮಿಕ ಸ್ಥಳಗಳೂ ಇದರಲ್ಲಿ ಸೇರುತ್ತವೆ. ಆದ್ದರಿಂದ ಮಠಗಳೂ ಲೆಕ್ಕ ನೋಡಿಕೊಳ್ಳಬೇಕು. ಆದರೆ ಕ್ಯಾಮೆರಾ ಹೇಳುವುದು ನಿನ್ನೆ ಏನಾಯಿತು ಎಂಬುದನ್ನು. ಕಳ್ಳ ಹೋದ ಮೇಲೆ ಅವನ ಬೆನ್ನು ತೋರಿಸುತ್ತದೆ.

ನಮ್ಮದು ಏಳುಸುತ್ತಿನ ಕೋಟೆಯ ಊರು. ಅಷ್ಟು ಕಲ್ಲು, ಅಷ್ಟು ಬತೇರಿ, ಅಷ್ಟು ಕಾವಲು. ಕೊನೆಗೆ ಆ ಕಿಂಡಿಯ ಬಳಿ ಕೋಟೆಯನ್ನು ಉಳಿಸಿದ್ದು ಯಾರು? ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕುಳಿತಿದ್ದಾಗ ನೀರು ತರಲು ಹೋದವಳು, ಸದ್ದು ಕೇಳಿ ನಿಂತು ನೋಡಿದವಳು. ಓಬವ್ವನ ಒನಕೆಯನ್ನು ನಾವು ಎಲ್ಲ ಪ್ರತಿಮೆಯಲ್ಲೂ ಕೆತ್ತಿದ್ದೇವೆ. ಆ ಕಿವಿಯನ್ನು ಮರೆತಿದ್ದೇವೆ. ಅಲ್ಲಿ ಎಂದೂ ಇಲ್ಲದ ಸದ್ದು ಎಂದು ಅವಳಿಗೆ ಗೊತ್ತಾಗಬೇಕಾದರೆ, ದಿನವೂ ಇರುವ ಸದ್ದು ಯಾವುದೆಂದು ಅವಳಿಗೆ ಗೊತ್ತಿರಬೇಕು.

ಹಳೆಯ ದೊಡ್ಡಪೇಟೆ, ಚಿಕ್ಕಪೇಟೆ, ಬುರುಜನಹಟ್ಟಿ, ಸಂತೆಬಾಗಿಲಿನ ಹಿಂದಿನ ಓಣಿಗಳು ಹಾಗೇ ಇದ್ದವು. ಪ್ರತಿ ಮನೆಗೂ ಜಗುಲಿ. ಸಂಜೆಯಾದರೆ ಮುದುಕರು ಜಗುಲಿ ಬಿಡುತ್ತಿರಲಿಲ್ಲ. ಹೊಸಬರು ಓಣಿಗೆ ಕಾಲಿಟ್ಟರೆ "ಯಾರ ಮನೆಗಪ್ಪಾ?" ಎಂಬ ಪ್ರಶ್ನೆ ಬರುತ್ತಿತ್ತು. ಅದರಲ್ಲಿ ಆದರವೂ ಇತ್ತು, ವಿಚಾರಣೆಯೂ ಇತ್ತು. ಅಮೆರಿಕದಲ್ಲಿ ಜೇನ್ ಜೇಕಬ್ಸ್ ಎಂಬ ತಾಯಿ 1961ರಲ್ಲಿ ನಗರಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಆ ಬೀದಿಯ ಅಂಗಡಿಯವರು, ಕಿಟಕಿಯಲ್ಲಿ ನಿಂತವರು, ಬಾಗಿಲಲ್ಲಿ ಕುಳಿತವರು ಎಂದು ಅವರ ವಾದ. ಅವರು ನ್ಯೂಯಾರ್ಕಿನಲ್ಲಿ ಕಂಡದ್ದನ್ನು ನಮ್ಮ ಅಜ್ಜಿಯರು ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾಡುತ್ತಿದ್ದರು.

ಆ ಜಗುಲಿ ಏನಾಯಿತು? ಕೆಲವು ರಸ್ತೆ ಅಗಲೀಕರಣಕ್ಕೆ ಹೋದವು, ಕೆಲವು ಬೈಕು ನಿಲ್ಲಿಸುವ ಇಳಿಜಾರಾದವು. ಅದಕ್ಕಿಂತ ದೊಡ್ಡ ಕಾರಣ ನಾವೇ. ಪೇಟೆಯ ಲಿಂಗಾಯತ ಕುಟುಂಬಗಳು, ಅಡಿಕೆ, ಹತ್ತಿ, ಎಣ್ಣೆ, ಬಟ್ಟೆ ವ್ಯಾಪಾರದವರು, ಒಬ್ಬೊಬ್ಬರಾಗಿ ಹೊಸ ಬಡಾವಣೆಗಳಿಗೆ ಹೋದೆವು. ಹೋದದ್ದು ತಪ್ಪಲ್ಲ, ಮಕ್ಕಳು ಬೆಳೆದರು, ಮನೆ ಸಾಲಲಿಲ್ಲ. ಆದರೆ ಮನೆ ಖಾಲಿ ಮಾಡಿದವರು ಅಂಗಡಿ ಉಳಿಸಿಕೊಂಡೆವು, ಮತ ಉಳಿಸಿಕೊಂಡೆವು, ಬಾಡಿಗೆ ಉಳಿಸಿಕೊಂಡೆವು. ರಾತ್ರಿ ಒಂಬತ್ತಕ್ಕೆ ಷಟರು ಎಳೆದು ಹೊರಟರೆ ಆ ಓಣಿಯಲ್ಲಿ ಉಳಿಯುವವರು ಬಾಡಿಗೆದಾರರು, ಹಮಾಲರು, ಹಾಸ್ಟೆಲಿನ ಮಕ್ಕಳು, ಒಂಟಿ ಮುದುಕಿಯರು. ಅವರ ಓಣಿಯ ದೀಪ ಕೆಟ್ಟಿದೆ ಎಂದು ನಮಗೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ನಾವು ಬರುವಾಗ ಸೂರ್ಯ ಇರುತ್ತಾನೆ.

ದೀಪದ ವಿಷಯ ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ಕಂಬ ಬೆಸ್ಕಾಂನವರದು, ದೀಪ ನಗರಸಭೆಯದು, ದೀಪ ಬದಲಿಸುವವನು ಗುತ್ತಿಗೆದಾರನ ಹುಡುಗ. ನೀವು ಒಬ್ಬರಿಗೆ ಫೋನು ಮಾಡಿದರೆ ಇನ್ನೊಬ್ಬರನ್ನು ತೋರಿಸುತ್ತಾರೆ. ನಾನು ಕೆಲಸದಲ್ಲಿದ್ದಾಗ ಒಂದು ಊರಿನಲ್ಲಿ ಅಕ್ಕನ ಬಳಗದ ತಾಯಂದಿರು ಒಂದು ಉಪಾಯ ಕಂಡುಕೊಂಡರು. ಸಂಜೆ ಗೋಷ್ಠಿ ಮುಗಿಸಿ ಮನೆಗೆ ಹೋಗುವಾಗ ದೀಪವಿಲ್ಲದ ಕಂಬಗಳ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹದಿನಾಲ್ಕು ಕಂಬ. ಪಟ್ಟಿ ಹಿಡಿದು ಏಳು ಜನ ಕಚೇರಿಗೆ ಬಂದು, ಬೈಯದೆ, ಕೂಗದೆ, ಬೆಂಚಿನ ಮೇಲೆ ಕುಳಿತರು. ಮುಖ್ಯಾಧಿಕಾರಿಗಳಿಗೆ ಹದಿನಾಲ್ಕು ಕಂಬದ ನಂಬರು ಕೊಟ್ಟು, "ಹದಿನೈದು ದಿನ ಬಿಟ್ಟು ಮತ್ತೆ ನೋಡ್ಕಂಡು ಬರ್ತೀವಿ" ಎಂದರು. ಅಷ್ಟೇ. ಹದಿನೈದನೆಯ ದಿನ ಹನ್ನೊಂದು ಉರಿಯುತ್ತಿದ್ದವು. ಬೀದಿ ಕತ್ತಲು ಎಂಬ ದೂರಿಗೆ ಉತ್ತರ ಹೇಳುವುದು ಸುಲಭ. ಕಂಬದ ನಂಬರಿಗೆ ಉತ್ತರ ಹೇಳುವುದು ಕಷ್ಟ. ಕಚೇರಿಯಲ್ಲಿ ಕುಳಿತವನಾಗಿ ಹೇಳುತ್ತಿದ್ದೇನೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನಾನು ಇವತ್ತು ಬಂದದ್ದೇ ಇದಕ್ಕೆ.

2023ರ ಆಗಸ್ಟ್ ಮೊದಲ ವಾರ ನಿಮಗೆಲ್ಲ ನೆನಪಿದೆ. ಕವಾಡಿಗರಹಟ್ಟಿ. ನಗರಸಭೆಯ ಗಡಿಯೊಳಗೇ ಇರುವ ಹಟ್ಟಿ. ನಲ್ಲಿಯಲ್ಲಿ ಬಂದ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಮನೆಗೆ ಮರಳಲಿಲ್ಲ. ಮಂತ್ರಿಗಳು ಬಂದರು, ಲೋಕಾಯುಕ್ತರು ಸ್ವಯಂಪ್ರೇರಿತ ದೂರು ದಾಖಲಿಸಿಕೊಂಡರು, ಅಮಾನತುಗಳಾದವು, ಪರಿಹಾರ ಬಂತು. ಪತ್ರಿಕೆಗಳಲ್ಲಿ ಒಂದು ತಿಂಗಳು ಸುದ್ದಿಯಾಯಿತು. ನಾನು ಆಗ ನಿವೃತ್ತನಾಗಿದ್ದೆ. ಆ ಪ್ರಕರಣದಲ್ಲಿ ಯಾರದು ತಪ್ಪು ಎಂದು ಹೇಳುವ ಅಧಿಕಾರ ನನಗಿಲ್ಲ, ಅದು ತನಿಖೆಯವರ ಕೆಲಸ. ಒಂದು ಊರಿನ ನೀರು ಹೇಗೆ ಕೆಡುತ್ತದೆ ಎಂಬುದನ್ನು ಮಾತ್ರ ಸಾಮಾನ್ಯವಾಗಿ ಹೇಳಬಲ್ಲೆ.

ನಮ್ಮ ಊರುಗಳಲ್ಲಿ ಇಪ್ಪತ್ನಾಲ್ಕು ಗಂಟೆ ನೀರು ಬರುವುದಿಲ್ಲ. ಮೂರು ದಿನಕ್ಕೋ ವಾರಕ್ಕೋ ಒಂದು ಸಲ ವಾಲ್ವ್ ತಿರುಗಿಸುತ್ತಾರೆ. ಚಿತ್ರದುರ್ಗಕ್ಕೆ ನೀರು ಬರುವುದು ವಾಣಿವಿಲಾಸ ಸಾಗರದಿಂದ, ಶಾಂತಿಸಾಗರದಿಂದ. ಅಷ್ಟು ದೂರದಿಂದ ಪಂಪು ಮಾಡಿ, ಶುದ್ಧ ಮಾಡಿ, ಟ್ಯಾಂಕಿಗೆ ಏರಿಸಿ ಬಿಡುವ ನೀರು ಟ್ಯಾಂಕಿನಿಂದ ಹೊರಡುವಾಗ ಚೆನ್ನಾಗಿಯೇ ಇರಬಹುದು. ಕೆಡುವುದು ದಾರಿಯಲ್ಲಿ. ಹಳೆಯ ಓಣಿಗಳಲ್ಲಿ ಮನೆಗೆ ಹೋಗುವ ಸಣ್ಣ ಪೈಪು ಚರಂಡಿಯನ್ನು ದಾಟಿ ಹೋಗುತ್ತದೆ, ಎಷ್ಟೋ ಕಡೆ ಚರಂಡಿಯ ಒಳಗೇ ಮಲಗಿರುತ್ತದೆ. ನೀರು ಬರುತ್ತಿರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಕಿಂಡಿ ಇದ್ದರೆ ನೀರು ಹೊರಗೆ ಚಿಮ್ಮುತ್ತದೆ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗಿರುವುದು ಚರಂಡಿ. ಮುಂದಿನ ಸಲ ನೀರು ಬಿಟ್ಟಾಗ ಅದೇ ಮೊದಲು ಬರುತ್ತದೆ.

ಇದರ ಮೇಲೆ ನಮ್ಮ ಕೊಡುಗೆಯೂ ಇದೆ. ಮೇಲಿನ ಬೀದಿಯ ಉಳ್ಳವರು ನಲ್ಲಿಗೆ ನೇರವಾಗಿ ಮೋಟಾರು ಹಚ್ಚಿ ಸಂಪಿಗೆ ನೀರು ಎಳೆಯುತ್ತಾರೆ. ಕಾನೂನಿನಲ್ಲಿ ಅದು ತಪ್ಪು. ಎಲ್ಲರಿಗೂ ಗೊತ್ತು. ನಾನು ದಾಳಿಗೆ ಹೋದಾಗ ಮೋಟಾರನ್ನು ಗೋಣಿಚೀಲದ ಕೆಳಗೆ ಮುಚ್ಚಿಟ್ಟು, ಹಣೆಯ ತುಂಬ ವಿಭೂತಿ ಧರಿಸಿ ಬಾಗಿಲಿಗೆ ಬಂದು "ಬನ್ನಿ ಬನ್ನಿ, ಪ್ರಸಾದ ಮಾಡಿಕೊಂಡು ಹೋಗಿ" ಎಂದವರನ್ನು ಕಂಡಿದ್ದೇನೆ. ನಗಬೇಡಿ. ಆ ಮೋಟಾರು ಎಳೆಯುವುದು ನೀರನ್ನು ಮಾತ್ರವಲ್ಲ. ಅದರ ಎಳೆತಕ್ಕೆ ಕೆಳಗಿನ ಪೈಪಿನಲ್ಲಿ ಒತ್ತಡ ಬೀಳುತ್ತದೆ, ಕಿಂಡಿಯಿದ್ದಲ್ಲಿ ಚರಂಡಿ ಒಳಗೆ ಬರುತ್ತದೆ. ಮೇಲಿನ ಬೀದಿಯಲ್ಲಿ ಸಂಪು ತುಂಬುವ ಹೊತ್ತಿಗೆ ಕೊನೆಯ ಕೇರಿಯ ನಲ್ಲಿಯಲ್ಲಿ ಮೊದಲು ಗಾಳಿ, ಆಮೇಲೆ ವಾಸನೆ, ಆಮೇಲೆ ನೀರು. ಕೊನೆಯ ನಲ್ಲಿ ಯಾವ ಕೇರಿಯಲ್ಲಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ನಗರಸಭೆಯ ನಕ್ಷೆಯಲ್ಲಿ ಜಾತಿ ಬರೆದಿರುವುದಿಲ್ಲ. ಆದರೆ ನಕ್ಷೆಯ ಮೇಲೆ ಬೆರಳಿಟ್ಟು ದೊಡ್ಡ ಪೈಪಿನಿಂದ ಸಣ್ಣ ಪೈಪಿಗೆ, ಸಣ್ಣದರಿಂದ ಇನ್ನೂ ಸಣ್ಣದಕ್ಕೆ ಹೋಗುತ್ತ ಹೋದರೆ, ಬೆರಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿ.

ನಮ್ಮ ಹಿರಿಯರು ಇದನ್ನು ಇನ್ನೊಂದು ರೀತಿಯಲ್ಲಿ ಕಟ್ಟಿದ್ದರು. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಊರಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ. ಮೇಲಿನದು ತುಂಬಿ ಹರಿದದ್ದೇ ಕೆಳಗಿನವರ ಪಾಲು. ಅಲ್ಲಿಯೂ ಯಾರು ಯಾವ ಮೆಟ್ಟಿಲು ಮುಟ್ಟಬಹುದಿತ್ತು ಎಂಬ ಪ್ರಶ್ನೆ ಇದ್ದೇ ಇತ್ತು, ಅದನ್ನು ಮರೆಸಿ ಹಿಂದಿನದನ್ನೆಲ್ಲ ಹೊಗಳಲಾರೆ. ಆದರೂ ಕೆಳಗಿನ ಹೊಂಡಕ್ಕೆ ಹೋಗುವ ಕಾಲುವೆಯನ್ನು ಯಾರೋ ಹೂಳು ತೆಗೆದು ಕಾಯುತ್ತಿದ್ದರು. ಸಂತೆ ಹೊಂಡದ ದಡದಲ್ಲಿ ನಿಂತು ನಾವು ಅದಕ್ಕೆ ಏನೇನು ಹಾಕಿದ್ದೇವೆ ಎಂದು ನೋಡಿದರೆ ಗೊತ್ತಾಗುತ್ತದೆ.

ನನ್ನ ತಪ್ಪಿನ ಮಾತು ಈಗ. ಯಾವ ಊರೆಂದು ಹೇಳುವುದಿಲ್ಲ. ಬಹಳ ವರ್ಷಗಳ ಹಿಂದಿನದು.

ಕಚೇರಿಯಲ್ಲಿ ದೂರಿನ ಪುಸ್ತಕ ಇರುತ್ತದೆ. ದಿನಾಂಕ, ಹೆಸರು, ದೂರು, ಕೊನೆಯಲ್ಲಿ ಷರಾ ಎಂಬ ಕಾಲಂ. ಒಬ್ಬ ಹೆಣ್ಣುಮಗಳು ಬಂದು, ನಲ್ಲಿ ನೀರು ಕೆಟ್ಟ ವಾಸನೆ ಬರುತ್ತಿದೆ ಎಂದು ಬರೆಸಿದಳು. ಮಳೆಗಾಲ, ಕೈತುಂಬ ಕೆಲಸ. ವಾರ ಬಿಟ್ಟು ಮತ್ತೆ ಬಂದಳು. ಮೂರನೆಯ ಸಲ ಬಂದಾಗ ನಾನು ಅವಳ ಕಣ್ಣೆದುರಿಗೇ ಪುಸ್ತಕ ತೆಗೆದು, ಷರಾ ಕಾಲಂನಲ್ಲಿ "ಸ್ಥಳ ಪರಿಶೀಲಿಸಿ ಕ್ರಮ ಕೈಗೊಳ್ಳಲಾಗಿದೆ" ಎಂದು ಬರೆದು ಸಹಿ ಹಾಕಿದೆ. ನಾಳೆ ಹೋದರಾಯಿತು, ಬರೆದಿಟ್ಟರೆ ಮೇಲಿನವರು ಕೇಳುವುದಿಲ್ಲ ಎಂಬ ಲೆಕ್ಕ. ಅವಳಿಗೆ ಓದು ಬರುವುದಿಲ್ಲ ಎಂದುಕೊಂಡಿದ್ದೆ. ನಾಳೆ ನಾನು ಹೋಗಲಿಲ್ಲ. ಐದನೆಯ ದಿನ ಸರ್ಕಾರಿ ಆಸ್ಪತ್ರೆಗೆ ಬೇರೆ ಕೆಲಸಕ್ಕೆ ಹೋದಾಗ ಮಕ್ಕಳ ವಾರ್ಡಿನಲ್ಲಿ ಅವಳಿದ್ದಳು. ಮಂಚದ ಮೇಲೆ ನಾಲ್ಕು ವರ್ಷದ ಹುಡುಗಿ, ಕೈಗೆ ಗ್ಲೂಕೋಸು. ನಾನು "ಏನಾಯ್ತಮ್ಮ?" ಎಂದೆ. ಅವಳು ಸಿಟ್ಟು ಮಾಡಲಿಲ್ಲ. "ಅವತ್ತು ಬರೆದಿದ್ರಲ್ಲ ಸ್ವಾಮಿ, ನಾನೂ ಏಳನೇ ಕ್ಲಾಸ್ ಓದೀನಿ. ಕೊಳ್ಳಾಗೆ ಲಿಂಗ ಕಟ್ಟಿದೋರು, ಸುಳ್ಳು ಬರೆಯಂಗಿಲ್ಲ, ರಿಪೇರಿ ಆಗೈತೇನೋ ಅನ್ಕಂಡು ಆ ನೀರೇ ಕೊಟ್ಟೆ" ಎಂದಳು.

ಮಗು ಉಳಿಯಿತು. ಅದು ನನ್ನ ಪುಣ್ಯವಲ್ಲ, ಆ ದಿನದ ಡ್ಯೂಟಿ ನರ್ಸಿನ ಕಾಯಕ. ನಾನು ಆಸ್ಪತ್ರೆಯಿಂದ ನೇರವಾಗಿ ಆ ಕೇರಿಗೆ ಹೋದೆ. ಚರಂಡಿಯ ಚಪ್ಪಡಿ ಎತ್ತಿಸಿದರೆ ಪೈಪಿನ ಕೀಲು ಬಿಟ್ಟು ಕೊಳಚೆಯಲ್ಲಿ ಮುಳುಗಿತ್ತು. ಸರಿ ಮಾಡಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯನ್ನು ನಾನು ಮೂರು ವಾರ ಕೊಟ್ಟಿರಲಿಲ್ಲ. ಆ ದಿನ ರಾತ್ರಿ ಪೂಜೆಗೆ ಕುಳಿತಾಗ ಕೈಯಲ್ಲಿ ಲಿಂಗ ಹಿಡಿದು ಬಹಳ ಹೊತ್ತು ಏನೂ ತೋಚಲಿಲ್ಲ. ನಮ್ಮ ಲಾಂಛನವನ್ನು ಜನ ಹೇಗೆ ಓದುತ್ತಾರೆ ಎಂದು ಆವತ್ತು ಗೊತ್ತಾಯಿತು. ಅವಳು ನನ್ನ ಸಹಿಯನ್ನು ನಂಬಿರಲಿಲ್ಲ. ಕೊರಳಿನದನ್ನು ನಂಬಿದ್ದಳು.

ಅಲ್ಲಿಂದ ನಿವೃತ್ತಿಯವರೆಗೆ ನಾನು ಒಂದು ಅಭ್ಯಾಸ ಇಟ್ಟುಕೊಂಡೆ. ಯಾವ ಊರಿಗೆ ವರ್ಗವಾದರೂ ಮೊದಲ ದಿನ ನೀರು ಬಿಡುವವರನ್ನು ಕರೆದು, "ನಿಮ್ಮ ಲೈನಿನಲ್ಲಿ ಕೊನೆಯ ನಲ್ಲಿ ಯಾರ ಮನೆಯದು?" ಎಂದು ಕೇಳುತ್ತಿದ್ದೆ. ಅವರಿಗೆ ಗೊತ್ತಿರುತ್ತದೆ. ಆ ಮನೆಗೆ ಕ್ಲೋರೋಸ್ಕೋಪ್ ತೆಗೆದುಕೊಂಡು ಹೋಗುತ್ತಿದ್ದೆ. ನೀರಿಗೆ ಔಷಧದ ಹನಿ ಹಾಕಿದರೆ ಹಳದಿ ಬಣ್ಣ ಬರಬೇಕು. ಕೊನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ನಿಯಮ. ಬಣ್ಣ ಬಾರದಿದ್ದರೆ ದಾರಿಯಲ್ಲಿ ಏನೋ ಒಳಗೆ ಬಂದಿದೆ ಅಥವಾ ಮೇಲೆ ಬ್ಲೀಚಿಂಗ್ ಹಾಕಿಲ್ಲ. ಟ್ಯಾಂಕಿನ ಬುಡದಲ್ಲಿ ಪರೀಕ್ಷೆ ಮಾಡಿ ಫೋಟೋ ಹಿಡಿದರೆ ಪ್ರಯೋಜನವಿಲ್ಲ. ಊರಿನ ಆರೋಗ್ಯ ಊರಿನ ಕೊನೆಯಲ್ಲಿ ಗೊತ್ತಾಗುತ್ತದೆ.

ಇನ್ನು ದುಡ್ಡಿನ ಮಾತು. ಕೇಳಿ, ಇದು ಬೇಸರದ ವಿಷಯವಲ್ಲ. 1964ರ ಪುರಸಭೆಗಳ ಅಧಿನಿಯಮದಲ್ಲಿ ಬೀದಿ ದೀಪ, ಚರಂಡಿ, ನೈರ್ಮಲ್ಯ ಇವು ಕಡ್ಡಾಯ ಕರ್ತವ್ಯಗಳು. ಮನಸ್ಸಿದ್ದರೆ ಮಾಡುವ ಕೆಲಸಗಳ ಪಟ್ಟಿ ಬೇರೆಯೇ ಇದೆ. ಜೊತೆಗೆ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇಕಡ 24.10 ಪರಿಶಿಷ್ಟರ ಕಲ್ಯಾಣಕ್ಕೆ, 7.25 ಇತರ ಬಡವರಿಗೆ, 5 ಅಂಗವಿಕಲರಿಗೆ ಎಂದು ಮೀಸಲಿಡಬೇಕು. ಈ ಹಣ ಯಾವ ಕೇರಿಯಲ್ಲಿ ಯಾವ ಕೆಲಸಕ್ಕೆ ಹೋಯಿತು ಎಂದು ಕೇಳುವ ಹಕ್ಕು ನಿಮ್ಮೆಲ್ಲರಿಗೂ ಇದೆ. ಪ್ರತಿ ವರ್ಷ ಬಜೆಟ್ಟಿಗೆ ಮುಂಚೆ ಪೂರ್ವಭಾವಿ ಸಭೆ ಕರೆಯುತ್ತಾರೆ, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ನಾನು ಕಂಡ ಅಂಥ ಸಭೆಗಳಲ್ಲಿ ಬಂದವರಿಗಿಂತ ತರಿಸಿದ ಚಹಾ ಹೆಚ್ಚಿರುತ್ತಿತ್ತು. ಸಂಘಗಳ ನಾಲ್ಕು ಪದಾಧಿಕಾರಿಗಳು, ಒಬ್ಬಿಬ್ಬರು ಪತ್ರಕರ್ತರು, ಉಳಿದದ್ದು ಖಾಲಿ ಕುರ್ಚಿ. ಜಯಂತಿಯ ಮೆರವಣಿಗೆಗೆ ಸಾವಿರ ಜನ ಸೇರಿಸುವ ನಾವು ಆ ಸಭೆಗೆ ಹತ್ತು ಜನ ಹೋಗುವುದಿಲ್ಲ.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ವಾರ್ಡ್ ಸಮಿತಿ ಮಾಡಬೇಕು ಎಂದು ಅದರಲ್ಲಿದೆ. ಆದರೆ ಆ ಕಡ್ಡಾಯ ಮೂರು ಲಕ್ಷ ಮೇಲ್ಪಟ್ಟ ಜನಸಂಖ್ಯೆಯ ಊರಿಗೆ. 2011ರ ಗಣತಿಯಲ್ಲಿ ಚಿತ್ರದುರ್ಗದ ಜನಸಂಖ್ಯೆ ಒಂದೂವರೆ ಲಕ್ಷವನ್ನೂ ಮುಟ್ಟಿರಲಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಇನ್ನೂ ಚಿಕ್ಕವು. ಹಾಗಾಗಿ ಸಂವಿಧಾನದ ಒತ್ತಾಯ ನಮ್ಮ ಮೇಲಿಲ್ಲ. ಒತ್ತಾಯವಿಲ್ಲ ಎಂದರೆ ಅಡ್ಡಿಯಿದೆ ಎಂದಲ್ಲ. ಒಂದು ವಾರ್ಡಿನ ಜನ ತಿಂಗಳಿಗೊಮ್ಮೆ ಸೇರಿ ತಮ್ಮ ಮೆಂಬರನ್ನೂ, ಇಂಜಿನಿಯರನ್ನೂ, ಬೀಟ್ ಪೊಲೀಸರನ್ನೂ ಕರೆಯಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ನಾವು ನಗರಸಭೆಗೆ ಮತ ಹಾಕಿದೆವು. ಮೀಸಲಾತಿಯ ತಕರಾರು ಕೋರ್ಟಿನಲ್ಲಿದ್ದು ಅಧ್ಯಕ್ಷರು ಆಯ್ಕೆಯಾಗುವ ಹೊತ್ತಿಗೆ 2020 ಮುಗಿಯುತ್ತ ಬಂದಿತ್ತು. ಎರಡು ವರ್ಷ ಗೆದ್ದವರಿದ್ದರು, ಅಧ್ಯಕ್ಷರಿರಲಿಲ್ಲ. ಅಂಥ ಕಾಲದಲ್ಲಿ ಊರು ಕಾಯುವುದು ಇಂಥ ಸಭೆಗಳೇ. ಚುನಾಯಿತರಿರಲಿ, ಆಡಳಿತಾಧಿಕಾರಿ ಇರಲಿ, ಚರಂಡಿ ರಜೆ ತೆಗೆದುಕೊಳ್ಳುವುದಿಲ್ಲ.

ಪೊಲೀಸರ ಕಡೆಯಿಂದ ಒಂದು ಒಳ್ಳೆಯ ಕೆಲಸವಾಗಿದೆ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಎಂದು ಆರಂಭವಾಯಿತು. ಬೀಟಿನವರು ಮನೆಗೆ ಬಂದು ಪರಿಚಯ ಮಾಡಿಕೊಂಡು ಹೋಗಬೇಕು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಬೇಡಿ, ನಮ್ಮ ಕಾಮಿದೇವಯ್ಯನವರ ಕಾಯಕದವರು ಅವರು. ಕೂರಿಸಿ, ನೀರು ಕೊಡಿ, ಯಾವ ಖಾಲಿ ಸೈಟಿನಲ್ಲಿ ಜಾಲಿ ಬೆಳೆದು ಸಂಜೆ ಕುಡಿಯಲು ಸೇರುತ್ತಾರೆ ಎಂದು ಹೇಳಿ. ಆ ಸೈಟು ಎಷ್ಟೋ ಸಲ ನಮ್ಮವರದೇ ಆಗಿರುತ್ತದೆ. ಸ್ವಂತ ಸೈಟಿನ ಜಾಲಿ ಕಡಿಸದವರು ಊರಿನ ಹುಡುಗರು ಕೆಟ್ಟರು ಎಂದು ಭಾಷಣ ಮಾಡಬಾರದು.

ಹಿರಿಯೂರಿನ ಒಂದು ನೆನಪು. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ 89 ವರ್ಷದ ಮೇಲೆ ಕೋಡಿ ಬಿತ್ತು. 1933ರ ನಂತರ ಯಾರೂ ಕಂಡಿರದ ನೋಟ, ಜಿಲ್ಲೆಯೇ ಹೋಗಿ ಬಾಗಿನ ಬಿಟ್ಟಂತೆ ಸಂಭ್ರಮ. ಅದೇ ಹೊತ್ತಿಗೆ ವೇದಾವತಿಯ ದಂಡೆಯ ತಗ್ಗಿನಲ್ಲಿ ಮನೆ ಕಟ್ಟಿಕೊಂಡವರಿಗೆ ರಾತ್ರಿ ನಿದ್ದೆಯಿಲ್ಲ. 89 ವರ್ಷ ನೀರು ಬಾರದ ಜಾಗ ನದಿಯದಲ್ಲ ಎಂದು ಎಲ್ಲರೂ ನಂಬಿಬಿಟ್ಟಿದ್ದರು. ಆಮೇಲೆ 2025ರ ಜನವರಿಯಲ್ಲೂ ಕೋಡಿ ಬಿತ್ತು. ಹಾಗಾಗಿ ರಾಜಕಾಲುವೆ, ಹಳ್ಳದ ದಂಡೆ ಇವುಗಳ ಗುರುತನ್ನು ಊರಿನ ಹಿರಿಯರು ಈಗಲೇ ಹೇಳಿ ಬರೆಸಬೇಕು. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕೆರೆಯ ಹಿಂದಿನ ಬಡಾವಣೆಗಳಿಗೂ ಇದೇ ಮಾತು.

ಸಂತೆಯ ಹೆಣ್ಣುಮಕ್ಕಳ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಣ್ಣುಮಕ್ಕಳು. ಸೊಪ್ಪು ಮಾರುವ ತಾಯಿ ಆ ಸಭೆಯಲ್ಲಿ ಬಾಯಿ ಬಿಟ್ಟರೆ ಮೊದಲು ಕೇಳುವುದು ಶೌಚಾಲಯ. ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುವ ಕಷ್ಟ ಸಮಿತಿಯ ಗಂಡಸರಿಗೆ ಗೊತ್ತಿಲ್ಲ.

ಇನ್ನು ಮಠಗಳ ಪಾತ್ರ. ಮಠ ನಗರಸಭೆಯ ಕೆಲಸ ಮಾಡಬೇಕಾಗಿಲ್ಲ. ನಮ್ಮ ಜಿಲ್ಲೆಯ ಮಠಗಳು ಏನು ಮಾಡಬಲ್ಲವು ಎಂದು ತೋರಿಸಿವೆ. ಸಿರಿಗೆರೆಯಲ್ಲಿ ಸೋಮವಾರ ನ್ಯಾಯಪೀಠ ನಡೆಯುತ್ತದೆ, ಅಣ್ಣತಮ್ಮಂದಿರ ಜಗಳ, ಹೊಲದ ಬದುವಿನ ತಕರಾರು ಎಲ್ಲವನ್ನೂ ಎರಡು ಕಡೆಯವರನ್ನು ಎದುರು ಕೂರಿಸಿ ಕೇಳುತ್ತಾರೆ. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಟಕವನ್ನು ಊರೂರಿಗೆ ಒಯ್ಯುತ್ತಿದೆ, ಅದರ ಎದುರು ಎಲ್ಲ ಕೇರಿಯವರೂ ಒಂದೇ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಚಿತ್ರದುರ್ಗದ ಸುತ್ತ ಮಾದಾರ ಚನ್ನಯ್ಯ ಗುರುಪೀಠ, ಭೋವಿ ಗುರುಪೀಠ ಮೊದಲಾಗಿ ಎಷ್ಟು ಸಮುದಾಯಗಳ ಮಠಗಳಿವೆ! ಇವೆಲ್ಲ ಒಂದು ವೇದಿಕೆಯಲ್ಲಿ ಸೇರುವುದನ್ನು ಉತ್ಸವಗಳಲ್ಲಿ ನೋಡಿದ್ದೇವೆ. ಒಂದು ವಾರ್ಡಿನ ನೀರಿನ ಸಭೆಯಲ್ಲಿ ನೋಡಬೇಕು. ಮಠ ಕೊಡಬೇಕಾದದ್ದು ಒಂದು ಜಾಗ, ಎರಡು ಗಂಟೆ ಹೊತ್ತು, ಮತ್ತು ಸಾಕ್ಷಿ. ಪೂಜ್ಯರ ಎದುರು "ಇಂಥ ದಿನಕ್ಕೆ ಪೈಪು ಬದಲಿಸುತ್ತೇನೆ" ಎಂದ ಇಂಜಿನಿಯರು ದೂರಿನ ಪುಸ್ತಕದಲ್ಲಿ ನನ್ನಂತೆ ಷರಾ ಬರೆಯುವುದಿಲ್ಲ.

ಇನ್ನೊಂದು ಮಾತು, ಹೇಳಲು ಸ್ವಲ್ಪ ಹಿಂಜರಿಕೆಯಿದೆ, ಆದರೂ ಹೇಳಬೇಕು. ನಮ್ಮ ಮಠಗಳ ವಿದ್ಯಾರ್ಥಿನಿಲಯಗಳೂ ಇದೇ ಊರಿನ ಒಳಗಿವೆ. ಬಡ ಮಕ್ಕಳು ನಮ್ಮನ್ನು ನಂಬಿ ಬಂದು ಅಲ್ಲಿ ಮಲಗುತ್ತಾರೆ. ಕೇರಿಯ ಸುರಕ್ಷತೆ ಮಾತಾಡುವ ನಾವು ಮೊದಲು ಅಲ್ಲಿಗೆ ಹೋಗಬೇಕು. 1098 ಮಕ್ಕಳ ಸಹಾಯವಾಣಿ. ಈ ನಂಬರನ್ನು ವಾರ್ಡನ್ ಕೋಣೆಯಲ್ಲಿ ಅಂಟಿಸಿದರೆ ಮಕ್ಕಳಿಗೆ ಕಾಣುವುದಿಲ್ಲ. ಊಟದ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಮಕ್ಕಳು ಫೋನು ಕೇಳಿದರೆ ಯಾರಿಗೆ, ಏಕೆ ಎಂದು ಕೇಳದೆ ಕೊಡುವ ಏರ್ಪಾಡು ಮಾಡಿ. ನೀರಿನಂತೆಯೇ ಇದು ಕೂಡ. ಗೇಟಿನ ಹತ್ತಿರ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಕೊನೆಯ ಕೋಣೆಯ ಕೊನೆಯ ಮಗುವನ್ನು ಕೇಳಬೇಕು.

ಹೊತ್ತಾಯಿತು. ಕೊನೆಗೆ ಒಂದು ಕೆಲಸ ತಂದಿದ್ದೇನೆ. ಈ ಚೀಲದಲ್ಲಿ ಹನ್ನೆರಡು ಚಿಕ್ಕ ಬಾಟಲಿಗಳಿವೆ. ಗ್ರಾಮ ಪಂಚಾಯಿತಿಗಳಲ್ಲಿ ನೀರು ಪರೀಕ್ಷೆಗೆ ಕೊಡುವಂಥವು. ಗುರುತಿನವರೆಗೆ ನೀರು ತುಂಬಿಸಿ, ಮುಚ್ಚಿ, ಕೈ ಬಾಯಿಗೆ ತಾಗದಂತೆ ಮನೆಯ ಮೂಲೆಯಲ್ಲಿ ಇಡಬೇಕು. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಕುಡಿಯಲು ಯೋಗ್ಯವಲ್ಲ. ಮುಂದಿನ ಸಲ ನೀರು ಬಿಟ್ಟ ದಿನ, ನಿಮ್ಮ ನಿಮ್ಮ ಮನೆಯ ನೀರಲ್ಲ, ನಿಮ್ಮ ಲೈನಿನ ಕೊನೆಯ ನಲ್ಲಿಯ ನೀರನ್ನು ಹಿಡಿದು ತರಬೇಕು. ಕೊನೆಯ ನಲ್ಲಿ ಯಾವುದು ಎಂದು ಗೊತ್ತಿಲ್ಲದಿದ್ದರೆ ನೀರು ಬಿಡುವವರನ್ನು ಕೇಳಿ. ಆ ಮನೆಗೆ ಹೋಗಿ, ಒಳಗೆ ಕರೆದರೆ ಕುಳಿತು, ಅವರು ಕೊಟ್ಟ ಚಹಾ ಕುಡಿದು, ಬಾಟಲಿಯ ಮೇಲೆ ಓಣಿಯ ಹೆಸರು, ಕಂಬದ ನಂಬರು, ದಿನಾಂಕ ಬರೆದು ತನ್ನಿ. ಮುಂದಿನ ತಿಂಗಳ ಗೋಷ್ಠಿಗೆ ನಗರಸಭೆಯವರನ್ನೂ ಕರೆಯೋಣ ಎಂದು ಪೂಜ್ಯರು ಒಪ್ಪಿದ್ದಾರೆ. ಬಾಟಲಿಗಳನ್ನು ಈ ಮೇಜಿನ ಮೇಲೆ ಸಾಲಾಗಿ ಇಡೋಣ.

ಹನ್ನೆರಡೇ ಇರುವುದು. ಹೊರಗೆ ಗುಡಿಸುತ್ತಿರುವ ತಾಯಿಗೆ ಒಂದು ಎತ್ತಿಟ್ಟಿದ್ದೇನೆ, ಅವರ ಮನೆಯ ನಲ್ಲಿಯೇ ಅವರ ಲೈನಿನ ಕೊನೆಯದಂತೆ. ಉಳಿದ ಹನ್ನೊಂದಕ್ಕೆ ಯಾರು ಯಾರು, ಹೆಸರು ಬರೆಸಿ.